ಕಿರುಗ್ರಹಕ್ಕೆ ಹೆಸರಿಡುವುದು ಹೇಗೆ? ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಕೇಳುವವರಿಗೆ

"ವಿದ್ಯಾರ್ಥಿಯ ಹೆಸರು ಗ್ರಹಕ್ಕೆ" ಅಂತ ಪೇಪರಿನಲ್ಲಿ ಸುದ್ದಿ ಬಂದ ಮರುದಿನ ನನಗೆ ಫೋನ್ ಜಾಸ್ತಿ. ಸಿರುಗುಪ್ಪ, ಗಂಗಾವತಿ, ಮಾನ್ವಿ, ಎಲ್ಲಿಂದ ಬಂದರೂ ಪ್ರಶ್ನೆ ಎರಡೇ. ನಮ್ಮ ಅಪ್ಪನ ಹೆಸರು ಇಡೋಕೆ ಎಷ್ಟು ದುಡ್ಡು ಆಗುತ್ತೆ? ನಮ್ಮ ಶಾಲೆಯ ಮಕ್ಕಳಿಗೆ ಇದು ಸಾಧ್ಯವಾ?

ಮೊದಲನೆಯದಕ್ಕೆ ಉತ್ತರ: ಒಂದು ರೂಪಾಯಿಯೂ ಆಗಲ್ಲ, ಯಾಕೆಂದರೆ ಅದು ಮಾರಾಟಕ್ಕೇ ಇಲ್ಲ. ಎರಡನೆಯದಕ್ಕೆ: ಸಾಧ್ಯ. ಆದರೆ ಈಗ ಎಂಟನೇ ಕ್ಲಾಸಿನಲ್ಲಿರುವ ಹುಡುಗಿ ಡಿಗ್ರಿ ಮುಗಿಸುವಷ್ಟು ಕಾಲ ಹಿಡಿಯಬಹುದು. ಅಷ್ಟು ತಾಳ್ಮೆ ಇದ್ದರೆ ಮುಂದೆ ಓದಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೂರ್ಯನ ಸುತ್ತ ತಿರುಗುವ, ಗ್ರಹಕ್ಕಿಂತ ಸಣ್ಣದಾದ, ಧೂಮಕೇತುವೂ ಅಲ್ಲದ ಕಾಯಗಳಿಗೆ ಪಠ್ಯಪುಸ್ತಕದಲ್ಲಿ ಕ್ಷುದ್ರಗ್ರಹ ಅಂತ ಇದೆ. ನನಗೆ ಆ ಪದ ಹಿಡಿಸಲ್ಲ. ಗೌರವಕ್ಕೆ ಅಂತ ಒಬ್ಬರ ಹೆಸರು ಇಟ್ಟು, ಪಕ್ಕದಲ್ಲೇ "ಕ್ಷುದ್ರ" ಅಂತ ಬರೆಯೋದು ಹೇಗೆ? ಹಾಗಾಗಿ ಇಲ್ಲಿ ಕಿರುಗ್ರಹ ಅಂತಲೇ ಬರೆಯುತ್ತೇನೆ. ಹೆಚ್ಚಿನವು ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿವೆ. ಇದುವರೆಗೆ 14 ಲಕ್ಷಕ್ಕೂ ಹೆಚ್ಚು ಸಿಕ್ಕಿವೆ. ಹೆಸರು ಇರುವುದು ಸುಮಾರು 25 ಸಾವಿರಕ್ಕೆ ಮಾತ್ರ.

ನಿಮಗೆ ಬೇಕಾಗುವುದು ಇಷ್ಟು: ವಿಂಡೋಸ್ ಇರುವ ಒಂದು ಕಂಪ್ಯೂಟರ್ (ಹಳೆಯದಾದರೂ ನಡೆಯುತ್ತೆ), ಇಂಟರ್‌ನೆಟ್, ಇಂಗ್ಲಿಷ್ ಫಾರಂ ತುಂಬಬಲ್ಲ ಒಬ್ಬರು ಮೇಷ್ಟ್ರು, ಒಂದು ನೋಟ್‌ಬುಕ್. ಟೆಲಿಸ್ಕೋಪ್ ಬೇಕಾಗಿಲ್ಲ.

ಹಂತ 1: ಈಗಾಗಲೇ ಯಾರ ಹೆಸರು ಇದೆ, ನೋಡಿ

ಇದನ್ನು ಬಿಟ್ಟು ನೇರವಾಗಿ ಮುಂದಕ್ಕೆ ಹಾರಬೇಡಿ. ಹೆಸರುಗಳ ಪೂರ್ತಿ ಪಟ್ಟಿ ಅಮೆರಿಕದ ಕೇಂಬ್ರಿಡ್ಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರಿನಲ್ಲಿದೆ. ಕಿರುಗ್ರಹಗಳ ಲೆಕ್ಕಪತ್ರ ಇಡುವ ಕಚೇರಿ ಅದು. ಪಟ್ಟಿ ಎಲ್ಲರಿಗೂ ತೆರೆದಿದೆ, ಪುಕ್ಕಟೆ. ಮಕ್ಕಳಿಗೆ ಒಂದು ಪಿರಿಯಡ್ ಪೂರ್ತಿ ಹುಡುಕಲು ಬಿಡಿ. ಯಾವ ಥರದ ಹೆಸರು ಗಟ್ಟಿಯಾಗಿ ನಿಲ್ಲುತ್ತದೆ ಅಂತ ಅವರಿಗೇ ಗೊತ್ತಾಗುತ್ತದೆ.

ಮೊದಲ ಕಿರುಗ್ರಹ ಸಿಕ್ಕಿದ್ದು 1801ರ ಜನವರಿ 1ರಂದು, ಇಟಲಿಯ ಪಲೆರ್ಮೊದಲ್ಲಿ. ಕಂಡವರು ಜುಸೆಪ್ಪೆ ಪಿಯಾಝಿ. ಅವರು ಇಟ್ಟ ಹೆಸರು ಸೆರೆಸ್ ಫರ್ಡಿನಾಂಡಿಯಾ. ಸೆರೆಸ್ ರೋಮನ್ನರ ಬೆಳೆಯ ದೇವತೆ, ಫರ್ಡಿನಾಂಡ್ ಪಿಯಾಝಿಯವರ ಕಾಲದ ಅಲ್ಲಿನ ರಾಜ. ಬೇರೆ ದೇಶದವರು ರಾಜನನ್ನು ಒಪ್ಪಲಿಲ್ಲ. ದೇವತೆ ಉಳಿದಳು, ರಾಜ ಉದುರಿದ. ಇವತ್ತಿನ ನಿಯಮಗಳಲ್ಲೂ ಆ ಜಗಳದ ವಾಸನೆ ಇದೆ, ಹಂತ 5ರಲ್ಲಿ ನೋಡುತ್ತೀರಿ.

ನಂತರ ತುಂಬಾ ಕಾಲ ಗ್ರೀಕ್, ರೋಮನ್ ದೇವತೆಗಳದ್ದೇ ರಾಜ್ಯ. ಸಂಖ್ಯೆ ಬೆಳೆದಂತೆ ಊರು, ದೇಶ, ಹೆಂಡತಿ, ಮಗಳು ಎಲ್ಲ ಬಂದರು. ನಾರ್ಮನ್ ಪಾಗ್ಸನ್ ಅನ್ನುವ ಖಗೋಳಜ್ಞ 1856ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಂಡ 42ನೇ ಕಿರುಗ್ರಹದ ಹೆಸರು ಐಸಿಸ್. ಈಜಿಪ್ಟಿನ ದೇವತೆಯ ಹೆಸರೂ ಹೌದು, ಅವರ ಮಗಳ ಹೆಸರೂ ಹೌದು. ಅದೇ ಪಾಗ್ಸನ್ ಮುಂದೆ ಮದ್ರಾಸಿನ ವೀಕ್ಷಣಾಲಯಕ್ಕೆ ಬಂದರು. ಅಲ್ಲಿಂದ 1861ರಲ್ಲಿ ಇನ್ನೊಂದನ್ನು ಕಂಡರು. ಏಷ್ಯಾ ಖಂಡದಿಂದ ಕಂಡ ಮೊದಲ ಕಿರುಗ್ರಹ ಅದು, ಹೆಸರು 67 ಏಷ್ಯಾ (67 ಅದರ ಖಾಯಂ ನಂಬರು). ಆಗ ಬಳ್ಳಾರಿ ಜಿಲ್ಲೆಯೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಆ ಲೆಕ್ಕದಲ್ಲಿ ನಮಗೂ ಸ್ವಲ್ಪ ಪಾಲು ಇದೆ ಅನ್ನಬಹುದೇನೋ!

ಪಾಗ್ಸನ್ ಕಾಲ ಮುಗಿದ ಮೇಲೆ ಭಾರತದಿಂದ ನೂರು ವರ್ಷಕ್ಕೂ ಜಾಸ್ತಿ ಒಂದೂ ಇಲ್ಲ. 1988ರಲ್ಲಿ ತಮಿಳುನಾಡಿನ ಕಾವಲೂರಿನಲ್ಲಿ ಆರ್. ರಾಜಮೋಹನ್ ಒಂದನ್ನು ಹಿಡಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಅದು. ಹುಡುಕಾಟದ ಯೋಜನೆಗೆ ಇಟ್ಟ ಹೆಸರು ಕಲ್ಕಿ. ಸಿಕ್ಕ ಕಿರುಗ್ರಹ 4130 ರಾಮಾನುಜನ್, ಗಣಿತಜ್ಞರ ಗೌರವಕ್ಕೆ.

ನಮ್ಮ ದೇವರುಗಳೂ ಪಟ್ಟಿಯಲ್ಲಿದ್ದಾರೆ: 1170 ಶಿವ, 2307 ಗರುಡ, 2415 ಗಣೇಶ, 20000 ವರುಣ. ಹಾಗಾಗಿ "ಗಣೇಶ ಅಂತ ಇಡೋಣ" ಅಂದರೆ ಆಗಲ್ಲ, ಆ ಹೆಸರು ಖಾಲಿ ಇಲ್ಲ.

ಸಂಗೀತದ ಊರಿನವರಿಗೆ ಇಷ್ಟವಾಗುವ ಒಂದು ಉದಾಹರಣೆ: 300128 ಪಂಡಿತ್‌ಜಸರಾಜ್, ಹಿಂದೂಸ್ತಾನಿ ಗಾಯಕ ಪಂಡಿತ್ ಜಸರಾಜ್ ಅವರ ಹೆಸರು. 2019ರಲ್ಲಿ, ಅವರು ಬದುಕಿದ್ದಾಗಲೇ ಸಂದ ಗೌರವ. ಆ ನಂಬರನ್ನು ಇನ್ನೊಮ್ಮೆ ನೋಡಿ. 30, 01, 28. ಹಿಂದಿನಿಂದ ಓದಿದರೆ 28-01-30, ಅವರು ಹುಟ್ಟಿದ ತಾರೀಕು.

ಹಂತ 2: ಅಡ್ಡಹೆಸರು, ನಂಬರು, ಹೆಸರು – ಮೂರನ್ನೂ ಬೇರೆ ಮಾಡಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಪೇಪರಿನವರೂ ಎಡವುತ್ತಾರೆ.

ಹೊಸ ಚುಕ್ಕೆ ಸಿಕ್ಕಿ, ಕನಿಷ್ಠ ಎರಡು ರಾತ್ರಿ ಕಂಡಿದೆ ಅಂತ ಖಾತ್ರಿಯಾದ ಮೇಲೆ ಅದಕ್ಕೆ ಒಂದು ತಾತ್ಕಾಲಿಕ ಗುರುತು ಕೊಡುತ್ತಾರೆ. ಜಸರಾಜರ ಕಿರುಗ್ರಹಕ್ಕೆ ಮೊದಲಿದ್ದ ಗುರುತು 2006 ವಿಪಿ32. ಇದನ್ನು ಬಿಡಿಸುವುದು ಸುಲಭ. 2006 ವರ್ಷ. ಮುಂದಿನ ಅಕ್ಷರ ಹದಿನೈದು ದಿನದ ಲೆಕ್ಕ: ಜನವರಿಯ ಮೊದಲ ಅರ್ಧ ಎ, ಎರಡನೇ ಅರ್ಧ ಬಿ, ಹೀಗೆ. ಐ ಅಕ್ಷರ ಬಿಡುತ್ತಾರೆ, 1 ಅಂತ ಕಾಣುತ್ತೆ ಅಂತ. ಆ ಪ್ರಕಾರ ವಿ ಅಂದರೆ ನವೆಂಬರ್ 1ರಿಂದ 15. ಎರಡನೇ ಅಕ್ಷರ ಆ ಪಕ್ಷದಲ್ಲಿ ಎಷ್ಟನೆಯದು ಅಂತ ಹೇಳುತ್ತದೆ. ಅಲ್ಲೂ ಐ ಇಲ್ಲ, ಹಾಗಾಗಿ ಒಂದು ಸುತ್ತಿಗೆ 25 ಅಕ್ಷರ. ಪಿ ಅಂದರೆ 15ನೆಯದು. ಕೊನೆಯ 32 ಅಂದರೆ ಆಗಲೇ 32 ಸುತ್ತು ಮುಗಿದಿವೆ. 32ನ್ನು 25ರಿಂದ ಗುಣಿಸಿ, 15 ಕೂಡಿಸಿ: 815. ಆ ಹದಿನೈದು ದಿನದಲ್ಲಿ ಗುರುತು ಪಡೆದ 815ನೇ ಕಾಯ ಅದು. ಬೋರ್ಡಿನ ಮೇಲೆ ಮಾಡಿಸಿ ನೋಡಿ, ಲೆಕ್ಕ ಅಂದರೆ ಮುಖ ತಿರುಗಿಸುವ ಮಕ್ಕಳೂ ಬಿಡಿಸುತ್ತಾರೆ.

ಇದು ಅಡ್ಡಹೆಸರು ಅಷ್ಟೇ. ಒಂದೇ ಕಲ್ಲಿಗೆ ಬೇರೆ ಬೇರೆ ವರ್ಷ ಎರಡು ಮೂರು ಅಡ್ಡಹೆಸರು ಬಿದ್ದಿರಬಹುದು. ಕೊನೆಗೆ ಕಕ್ಷೆ ಲೆಕ್ಕ ಹಾಕಿದಾಗ ಎಲ್ಲವೂ ಒಂದೇ ಅಂತ ಗೊತ್ತಾಗುತ್ತದೆ. ನಮ್ಮ ಮಸ್ಕಿ ಶಾಸನದ ಕಥೆಯೂ ಇದೇ ಅಲ್ವಾ? ಊರೂರಿನ ಬಂಡೆಗಳ ಮೇಲೆ "ದೇವಾನಾಂಪ್ರಿಯ" ಅಂತ ಇತ್ತು. 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆಯಲ್ಲಿ ಅದರ ಜೊತೆಗೇ "ಅಸೋಕ" ಅಂತ ಇತ್ತು. ಬಿರುದಿಗೂ ಹೆಸರಿಗೂ ಗಂಟು ಬಿತ್ತು.

ಕಕ್ಷೆ ಗಟ್ಟಿಯಾಗಲು ಸಾಮಾನ್ಯವಾಗಿ ನಾಲ್ಕು ಅಥವಾ ಜಾಸ್ತಿ ಎದುರುಬದಿಗಳಲ್ಲಿ ಕಾಯ ಕಾಣಬೇಕು. ಎದುರುಬದಿ ಅಂದರೆ ಭೂಮಿಯಿಂದ ನೋಡಿದಾಗ ಅದು ಸೂರ್ಯನ ನೇರ ಎದುರು ದಿಕ್ಕಿನಲ್ಲಿ ಬರುವ ಕಾಲ. ಮಂಗಳ-ಗುರು ನಡುವಿನ ಕಿರುಗ್ರಹಗಳಿಗೆ ಒಂದು ಎದುರುಬದಿಯಿಂದ ಇನ್ನೊಂದಕ್ಕೆ ವರ್ಷದ ಮೇಲೇ ಆಗುತ್ತದೆ. ಇಷ್ಟಾದ ಮೇಲೆ ಖಾಯಂ ನಂಬರು. ನಂಬರು ಬಂದ ಮೇಲಷ್ಟೇ ಹೆಸರಿನ ಮಾತು.

ಎಚ್ಚರಿಕೆ: "ತಾತ್ಕಾಲಿಕ ಪತ್ತೆ" ಅಂತ ಸರ್ಟಿಫಿಕೇಟ್ ಬಂದ ಕೂಡಲೇ ಶಾಲೆಯ ಗೇಟಿಗೆ ಬ್ಯಾನರ್ ಕಟ್ಟಬೇಡಿ. ಅದು ನಂಬರೂ ಅಲ್ಲ, ಹೆಸರೂ ಅಲ್ಲ.

ಹಂತ 3: ಹಕ್ಕು ಯಾರದ್ದು ಅಂತ ತಿಳಿಯಿರಿ

ಹೆಸರು ಸೂಚಿಸುವ ಹಕ್ಕು ಕಂಡವರದ್ದು. ನಂಬರು ಬಂದ ದಿನದಿಂದ ಹತ್ತು ವರ್ಷ ಆ ಹಕ್ಕು ಅವರ ಕೈಯಲ್ಲಿರುತ್ತದೆ. ಒಪ್ಪುವುದು, ಬಿಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಒಂದು ಸಣ್ಣ ಸಮಿತಿಯ ಕೆಲಸ. ಖಗೋಳ ವಿಜ್ಞಾನಿಗಳು ಕೂತು ವೋಟು ಹಾಕುತ್ತಾರೆ.

ಹತ್ತು ವರ್ಷ ಸುಮ್ನೆ ಕಳೆದರೆ ಬೇರೆಯವರೂ ಸೂಚಿಸಬಹುದು. ಚೆಸ್ ಆಟಗಾರ ವಿಶ್ವನಾಥನ್ ಆನಂದ್ ಅವರಿಗೆ ಸಿಕ್ಕಿದ್ದು ಹೀಗೆ. 1988ರಲ್ಲಿ ಜಪಾನಿನ ಕೆಂಜೊ ಸುಜುಕಿ ಕಂಡ ಕಿರುಗ್ರಹ ಹೆಸರಿಲ್ಲದೆ ಉಳಿದಿತ್ತು. ಸಮಿತಿಯಲ್ಲಿ ಚೆಸ್ ಹುಚ್ಚಿನ ಒಬ್ಬರಿದ್ದರು. 2015ರಲ್ಲಿ ಅದು 4538 ವಿಶಿಆನಂದ್ ಆಯಿತು.

ಇನ್ನೊಂದು ದಾರಿ ಮಕ್ಕಳಿಗೆ ಗೊತ್ತಿರಬೇಕು. ಅಮೆರಿಕದ ಎಂಐಟಿ ಲಿಂಕನ್ ಲ್ಯಾಬೊರೇಟರಿಯ ಹುಡುಕಾಟದಲ್ಲಿ ರಾಶಿ ರಾಶಿ ಕಿರುಗ್ರಹ ಸಿಕ್ಕವು. 2001ರಿಂದ ಅವರು ಅಂತರರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಗೆದ್ದ ಶಾಲಾ ಮಕ್ಕಳ ಹೆಸರನ್ನು, ಅವರ ಮೇಷ್ಟ್ರುಗಳ ಹೆಸರನ್ನೂ ಅವುಗಳಿಗೆ ಇಡಲು ಶುರು ಮಾಡಿದರು. ಭಾರತದ ಬಹಳ ಮಕ್ಕಳಿಗೆ ಹೆಸರು ಬಂದಿದ್ದು ಈ ದಾರಿಯಲ್ಲಿ. ಅವರು ಕಿರುಗ್ರಹ ಕಂಡವರಲ್ಲ, ಬೇರೆ ಒಳ್ಳೆ ಪ್ರಾಜೆಕ್ಟ್ ಮಾಡಿ ಗೆದ್ದವರು. "ಗ್ರಹ ಕಂಡುಹಿಡಿದ ಬಾಲಕಿ" ಅಂತ ಸುದ್ದಿ ಬಂದರೆ ಯಾವ ದಾರಿ ಅಂತ ಒಮ್ಮೆ ಕೇಳಿ.

ದೊಡ್ಡ ಎಚ್ಚರಿಕೆ ಈಗ. ನಕ್ಷತ್ರಕ್ಕೋ ಗ್ರಹಕ್ಕೋ ನಿಮ್ಮ ಹೆಸರು ಇಡುತ್ತೇವೆ, ಇಷ್ಟು ಸಾವಿರ ಕೊಡಿ ಅನ್ನುವವರು ಇದ್ದಾರೆ. ಒಬ್ಬರು ಮಗಳ ಮದುವೆ ಉಡುಗೊರೆಗೆ ಅಂತ ತೆಗೆದುಕೊಂಡ ಇಂಥ ಕಾಗದಕ್ಕೆ ಚಿನ್ನದ ಬಣ್ಣದ ಫ್ರೇಮ್ ಹಾಕಿಸಿ ನನ್ನ ಮನೆಗೆ ತಂದಿದ್ದರು, ಆ ನಕ್ಷತ್ರ ತೋರಿಸಿ ಅಂತ. ಕಾಗದ ಚೆನ್ನಾಗಿತ್ತು. ಆದರೆ ಆ ಹೆಸರು ಅದನ್ನು ಮಾರಿದವರ ರಿಜಿಸ್ಟರಿನಲ್ಲಿ ಬಿಟ್ಟರೆ ಬೇರೆ ಎಲ್ಲೂ ಇಲ್ಲ. ಒಕ್ಕೂಟ ಯಾವ ಹೆಸರನ್ನೂ ಮಾರಲ್ಲ. ದುಡ್ಡು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಹಂತ 4: ಕಂಡವರಾಗಿ

ನಮ್ಮಂಥ ಊರಿನ ಶಾಲೆಗಳಿಗೆ ನಿಜವಾದ ಬಾಗಿಲು ಇದು. ಇಂಟರ್‌ನ್ಯಾಷನಲ್ ಅಸ್ಟ್ರೊನಾಮಿಕಲ್ ಸರ್ಚ್ ಕೊಲಾಬರೇಷನ್ ಅನ್ನುವ ಕಾರ್ಯಕ್ರಮ ಅಮೆರಿಕದ ಟೆಕ್ಸಸ್‌ನಿಂದ 2006ರಲ್ಲಿ ಶುರುವಾಯಿತು. ಶಾಲೆ, ಕಾಲೇಜು, ಆಸಕ್ತರು ತಂಡ ಕಟ್ಟಿ ಹೆಸರು ನೋಂದಾಯಿಸಬಹುದು. ಅವರ ಕಡೆಯಿಂದ ಫೀಸು ಇಲ್ಲ. ಒಂದೊಂದು ಅಭಿಯಾನ ಸುಮಾರು ಒಂದು ತಿಂಗಳು. ಹವಾಯಿ ದ್ವೀಪದ ಪ್ಯಾನ್-ಸ್ಟಾರ್ಸ್ ಟೆಲಿಸ್ಕೋಪ್ ತೆಗೆದ ಚಿತ್ರಗಳನ್ನು ನಿಮಗೆ ಕಳಿಸುತ್ತಾರೆ.

ಕೆಲಸ ಹೀಗೆ ನಡೆಯುತ್ತದೆ:

1. ಆಸ್ಟ್ರೊಮೆಟ್ರಿಕಾ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಬಳಸುವ ಲೈಸೆನ್ಸ್ ಅಭಿಯಾನದವರೇ ಕೊಡುತ್ತಾರೆ. ಅಭಿಯಾನ ಶುರುವಾಗುವ ಮೊದಲೇ ಅಭ್ಯಾಸದ ಚಿತ್ರಗಳ ಮೇಲೆ ಕೈ ಪಳಗಿಸಿ. ಮೊದಲ ದಿನವೇ ಕಲಿಯುತ್ತೇವೆ ಅಂದರೆ ಆ ತಿಂಗಳು ಹೋಯಿತು ಅಂತಲೇ ಲೆಕ್ಕ.

2. ಆಕಾಶದ ಒಂದೇ ಜಾಗದ ನಾಲ್ಕು ಚಿತ್ರ ಬರುತ್ತವೆ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆದವು. ಅವನ್ನು ಬ್ಲಿಂಕ್ ಮಾಡಿ, ಅಂದರೆ ಒಂದರ ಹಿಂದೆ ಒಂದು ಚಕಚಕ ತೋರಿಸಿ. ನಕ್ಷತ್ರಗಳು ಅಲ್ಲಾಡಲ್ಲ. ಬೂದಿ ಬಣ್ಣದ ತೆರೆಯ ಮೇಲೆ ಜೋಳದ ನುಚ್ಚು ಚೆಲ್ಲಿದಂತೆ ಚುಕ್ಕೆಗಳಿರುತ್ತವೆ. ಅದರಲ್ಲಿ ಒಂದು ನುಚ್ಚು ಮಾತ್ರ ಹೆಜ್ಜೆ ಇಡುತ್ತದೆ. ಒಂದು, ಎರಡು, ಮೂರು, ನಾಲ್ಕು, ಮತ್ತೆ ಹಿಂದಕ್ಕೆ. ಮೊದಲ ಸಲ ಕಂಡ ಮಗು ಬೆರಳನ್ನು ಸ್ಕ್ರೀನಿಗೆ ಒತ್ತಿ ಹಿಡಿಯುತ್ತದೆ, ತೆಗೆದರೆ ಓಡಿಹೋಗುತ್ತೇನೋ ಅನ್ನುವ ಹಾಗೆ.

3. ಈಗ ಅನುಮಾನ ಪಡಿ. ನಿಜವಾದ ಕಿರುಗ್ರಹ ನೇರ ಗೆರೆಯಲ್ಲಿ, ಒಂದೇ ವೇಗದಲ್ಲಿ ಹೋಗುತ್ತದೆ. ನಾಲ್ಕರಲ್ಲೂ ಬೆಳಕು ಹತ್ತಿರ ಹತ್ತಿರ ಒಂದೇ ಇರುತ್ತದೆ. ಮೂರನೇ ಹೆಜ್ಜೆ ಅಡ್ಡ ಹೋಯಿತಾ? ಬಿಡಿ. ಎರಡನೇ ಚಿತ್ರದಲ್ಲಿ ದೀಪದ ಹಾಗೆ ಉರಿದು ನಾಲ್ಕರಲ್ಲಿ ಇಲ್ಲವೇ ಇಲ್ಲವಾ? ಕ್ಯಾಮೆರಾದ ದೋಷ. ಎಸ್‌ಎನ್‌ಆರ್ ಅನ್ನುವ ಸಂಖ್ಯೆ ನೋಡಿ. ಚುಕ್ಕೆಯ ಬೆಳಕು ಹಿನ್ನೆಲೆಯ ಗದ್ದಲಕ್ಕಿಂತ ಎಷ್ಟು ಪಟ್ಟು ಜಾಸ್ತಿ ಅಂತ ಅದು ಹೇಳುತ್ತದೆ. 5ಕ್ಕಿಂತ ಕಡಿಮೆ ಇದ್ದರೆ ಆಸೆ ಇಟ್ಟುಕೊಳ್ಳಬೇಡಿ.

4. ಆ ಜಾಗದಲ್ಲಿ ಆಗಲೇ ಗೊತ್ತಿರುವ ಕಿರುಗ್ರಹ ಇದೆಯಾ ಅಂತ ಸಾಫ್ಟ್‌ವೇರಿನಲ್ಲೇ ನೋಡಬಹುದು. ಸಿಗುವವುಗಳಲ್ಲಿ ಹೆಚ್ಚಿನವು ಹಳೆಯವೇ. ಅವನ್ನೂ ಅಳೆದು ವರದಿ ಮಾಡಿ, ಅವುಗಳ ಕಕ್ಷೆ ಗಟ್ಟಿಯಾಗಲು ಅದು ಬೇಕು.

5. ವರದಿಯನ್ನು ಗಡುವಿನೊಳಗೆ ಕಳಿಸಿ. ಚಿತ್ರ ಬಂದ ಮೇಲೆ ಕೆಲವೇ ದಿನ ಸಮಯ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಹೇಳೋಕಾಗಲ್ಲ. ಕೊನೆಯ ಸಂಜೆಗೆ ಇಟ್ಟುಕೊಳ್ಳಬೇಡಿ. ಡೌನ್‌ಲೋಡ್ ಬೆಳಿಗ್ಗೆಯೇ ಮುಗಿಸಿ.

ಹೊಸದೇ ಸಿಕ್ಕಿತು ಅಂದುಕೊಳ್ಳಿ. ಅದನ್ನು ಇನ್ನೊಂದು ರಾತ್ರಿ ಯಾರಾದರೂ ಕಾಣಬೇಕು, ಅದೂ ಸುಮಾರು ಒಂದು ವಾರ ಹತ್ತು ದಿನದೊಳಗೆ. ಕಾಣದಿದ್ದರೆ ಕಳೆದುಹೋಗುತ್ತದೆ. ಕಂಡರೆ ಮುಂದೆ ಖಾಯಂ ನಂಬರಿನ ತನಕ ಆರರಿಂದ ಹತ್ತು ವರ್ಷ. ಅಷ್ಟರಲ್ಲಿ ಮಕ್ಕಳು ಶಾಲೆ ಬಿಟ್ಟಿರುತ್ತಾರೆ, ಮೇಷ್ಟ್ರಿಗೆ ಟ್ರಾನ್ಸ್‌ಫರ್ ಆಗಿರುತ್ತದೆ. ಅದಕ್ಕೇ ನೋಟ್‌ಬುಕ್ ಬೇಕು ಅಂದಿದ್ದು. ಯಾವ ದಿನ, ಯಾವ ಚಿತ್ರ, ಯಾವ ತಂಡ, ಏನು ಗುರುತು, ಎಲ್ಲ ಬರೆದು ಹೆಡ್‌ಮಾಸ್ಟರ ಬೀರುವಿನಲ್ಲಿಡಿ. ಶಾಲೆಯ ಹೆಸರಿನಲ್ಲೇ ಒಂದು ಇಮೇಲ್ ಮಾಡಿಸಿ. ಒಬ್ಬರ ಸ್ವಂತ ಇಮೇಲ್ ಕೊಟ್ಟು, ಅವರು ಪಾಸ್‌ವರ್ಡ್ ಮರೆತು, ಬಂದ ಪತ್ರ ಓದದೇ ಹೋದ ತಂಡ ನನಗೆ ಗೊತ್ತು.

ಹಂತ 5: ಹೆಸರು ಆರಿಸಿ

ಕಾಯುವ ವರ್ಷಗಳಲ್ಲಿ ಮಾಡಬಹುದಾದ ಒಳ್ಳೆ ಕೆಲಸ ಇದು. ನಿಯಮ ಕಡಿಮೆ, ಆದರೆ ಬಿಗಿ.

ಉದ್ದ 16 ಅಕ್ಷರ ಮೀರಬಾರದು. ಖಾಲಿ ಜಾಗ, ಚುಕ್ಕಿ, ಎಲ್ಲ ಸೇರಿ. ಆದಷ್ಟು ಒಂದೇ ಪದ. ಲೆಕ್ಕ ಇಂಗ್ಲಿಷ್ ಅಕ್ಷರದಲ್ಲಿ, ಕನ್ನಡದಲ್ಲಲ್ಲ! ಇಲ್ಲಿ ನಾವು ಮೋಸ ಹೋಗುತ್ತೇವೆ. ಬಳ್ಳಾರಿ ನಮಗೆ ಮೂರಕ್ಷರ, ಅಲ್ಲಿ ಏಳು. "ಬಳ್ಳಾರಿರಾಘವ" ಅಂತ ರಂಗನಟರ ಹೆಸರನ್ನು ಸೇರಿಸಿ ಬರೆದರೆ 14, ನಡೆಯುತ್ತೆ. "ಕೃಷ್ಣದೇವರಾಯ" 15, ಅದೂ ಸರಿ. "ಜೋಳದರಾಶಿದೊಡ್ಡನಗೌಡ" 23, ಆಗಲ್ಲ. "ಜೋಳದರಾಶಿ" ಮಾತ್ರ ಇಟ್ಟರೆ 11, ಊರಿಗೂ ಗೌರವ, ಊರಿನ ಗಮಕಿಗೂ ಗೌರವ. ಸಂಗನಕಲ್ಲು ಗುಡ್ಡದ ಶಿಲಾಯುಗದ ನೆಲೆಯನ್ನು ಜಗತ್ತಿಗೆ ತೋರಿಸಿದ ರಾಬರ್ಟ್ ಬ್ರೂಸ್ ಫೂಟ್ ಅವರ ಪೂರ್ತಿ ಹೆಸರು ಸೇರಿಸಿ ಬರೆದರೆ ಸರಿಯಾಗಿ 16. ಎಣಿಸಿ ನೋಡಿ.

ರಾಜಕೀಯ ಅಥವಾ ಯುದ್ಧದಿಂದಲೇ ಹೆಸರಾದವರು, ಅಂಥ ಘಟನೆಗಳು, ನೂರು ವರ್ಷ ಕಾಯಬೇಕು. ವ್ಯಕ್ತಿಯಾದರೆ ತೀರಿಕೊಂಡ ನಂತರ ನೂರು. ಕೃಷ್ಣದೇವರಾಯ ತೀರಿಕೊಂಡಿದ್ದು 1529ರಲ್ಲಿ, ಅವರಿಗೆ ಅಡ್ಡಿ ಇಲ್ಲ. ನಿಮ್ಮ ಈಗಿನ ಶಾಸಕರಿಗೆ ಇದೆ. ಈ ನಿಯಮವನ್ನು ಪ್ರಿಂಟ್ ಮಾಡಿ ಜೇಬಿನಲ್ಲಿಟ್ಟುಕೊಳ್ಳಿ, ಸನ್ಮಾನ ಸಮಾರಂಭದಲ್ಲಿ ಯಾರಾದರೂ ಕೇಳಿದಾಗ ಉಪಯೋಗಕ್ಕೆ ಬರುತ್ತದೆ.

ಕಂಪನಿ, ಬ್ರಾಂಡ್ ಹೆಸರು ಇಲ್ಲ. ಬಳ್ಳಾರಿ ಜೀನ್ಸ್ ಎಷ್ಟೇ ಗಟ್ಟಿಯಾಗಿದ್ದರೂ ಅದರ ಲೇಬಲ್ ಆಕಾಶಕ್ಕೆ ಹೋಗಲ್ಲ. ಸಾಕುಪ್ರಾಣಿ ಬೇಡ ಅನ್ನುತ್ತಾರೆ. 2309 ಮಿಸ್ಟರ್ ಸ್ಪಾಕ್ ಅಂತ ಒಂದಿದೆ, ಕಂಡವರ ಬೆಕ್ಕಿನ ಹೆಸರು ಅದು. ಅದರ ಮೇಲೆ ತಕರಾರು ಎದ್ದಿತ್ತು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಮರ್ಯಾದೆ ಅಲ್ಲ. ಧೂಮಕೇತು ಬೇರೆ, ಅದಕ್ಕೆ ಕಂಡವರ ಹೆಸರೇ ಬೀಳುತ್ತದೆ. 1949ರ ಬಾಪ್ಪು-ಬಾಕ್-ನ್ಯೂಕಿರ್ಕ್ ಧೂಮಕೇತುವಿನಲ್ಲಿರುವ ಬಾಪ್ಪು ನಮ್ಮ ಖಗೋಳಜ್ಞ ವೈನು ಬಾಪ್ಪು ಅವರೇ.

ಕೆಲವು ಗುಂಪುಗಳಿಗೆ ಬೇರೆ ಸಂಪ್ರದಾಯ ಇದೆ. ಭೂಮಿಯ ಹತ್ತಿರ ಸುಳಿಯುವವಕ್ಕೆ ಪುರಾಣದ ಹೆಸರು. ಗುರುಗ್ರಹದ ಕಕ್ಷೆಯಲ್ಲೇ ಅದರ ಹಿಂದೆ ಮುಂದೆ ಸಾಗುವ ಟ್ರೋಜನ್‌ಗಳಿಗೆ ಟ್ರಾಯ್ ಯುದ್ಧದ ವೀರರು, ಸಣ್ಣವಾದರೆ ಒಲಿಂಪಿಕ್ ಆಟಗಾರರು. ಶಾಲೆಗಳಿಗೆ ಸಿಗುವುದು ಹೆಚ್ಚಾಗಿ ನಡುಪಟ್ಟಿಯವು, ಅಲ್ಲಿ ಸ್ವಾತಂತ್ರ್ಯ ಜಾಸ್ತಿ.

ಬೈಗುಳ ಆಗಬಾರದು, ಈಗಾಗಲೇ ಇರುವ ಕಿರುಗ್ರಹದ ಅಥವಾ ಉಪಗ್ರಹದ ಹೆಸರಿಗೆ ತೀರಾ ಹತ್ತಿರ ಇರಬಾರದು.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ದೊಡ್ಡ ಹೆಸರಿನ ಹಿಂದೆ ಹೋಗಬೇಡಿ. ಅವರಿಗೆ ರಸ್ತೆ, ಸರ್ಕಲ್, ವಿಮಾನ ನಿಲ್ದಾಣ ಎಲ್ಲ ಇದೆ. ಕೊಪ್ಪಳದ ತೊಗಲುಗೊಂಬೆಯ ಭೀಮವ್ವ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. "ಭೀಮವ್ವ" ಇಂಗ್ಲಿಷಿನಲ್ಲಿ ಎಂಟೇ ಅಕ್ಷರ. ಹೀಗೆ ಹುಡುಕಿ. ಸ್ಪೆಲ್ಲಿಂಗ್ ಮೇಲೂ ಕಣ್ಣಿರಲಿ. ನಮ್ಮ ಬಳ್ಳಾರಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಸರಿಯಾಗಲು 2014ರ ತನಕ ಕಾದೆವು. ಆಕಾಶದಲ್ಲಿ ಮತ್ತೆ ಬ್ರಿಟಿಷರ ಸ್ಪೆಲ್ಲಿಂಗ್ ಬರೆಯಬೇಡಿ.

ಹಂತ 6: ಟಿಪ್ಪಣಿ ಬರೆಯಿರಿ

ಹೆಸರಿನ ಜೊತೆ ಯಾಕೆ ಈ ಹೆಸರು ಅನ್ನುವ ಸಣ್ಣ ಇಂಗ್ಲಿಷ್ ಟಿಪ್ಪಣಿ ಹೋಗಬೇಕು. ಮಿತಿ 541 ಅಕ್ಷರ, ಖಾಲಿ ಜಾಗವೂ ಸೇರಿ. ಮೊದಲು ಕನ್ನಡದಲ್ಲಿ ಬರೆದು ನಂತರ ಇಂಗ್ಲಿಷ್ ಮಾಡಿ. ಹೀಗಿರಲಿ:

"ರಾಬರ್ಟ್ ಬ್ರೂಸ್ ಫೂಟ್ (1834–1912) ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂವಿಜ್ಞಾನಿ. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಕಲ್ಲಿನ ಉಪಕರಣ ಗುರುತಿಸಿದರು. ಬಳ್ಳಾರಿಯ ಸಂಗನಕಲ್ಲಿನ ಶಿಲಾಯುಗದ ನೆಲೆಯನ್ನು ದಾಖಲಿಸಿದರು."

ಹೊಗಳಿಕೆ ಇಲ್ಲ, ನೋಡಿ. ಯಾರು, ಯಾವಾಗ, ಏನು ಮಾಡಿದರು, ಅಷ್ಟೇ. ನಾವು ಅಭಿನಂದನಾ ಪತ್ರ ಬರೆದು ಬರೆದು "ಮೇರು ವ್ಯಕ್ತಿತ್ವದ ಧೀಮಂತ" ಇಲ್ಲದೆ ಪೆನ್ನು ಓಡಲ್ಲ. ಅಂಥ ಪದ ಹೊಡೆದು ಹಾಕಿ. ಇಸವಿಗಳನ್ನು ಎರಡು ಕಡೆ ನೋಡಿ ಖಚಿತ ಮಾಡಿಕೊಳ್ಳಿ. ಬದುಕಿರುವವರಾದರೆ ಅವರನ್ನೇ ಒಂದು ಮಾತು ಕೇಳಿ.

ಹಂತ 7: ಕಳಿಸಿ, ಕಾಯಿರಿ

ಶಾಲಾ ತಂಡಗಳು ಅಭಿಯಾನದವರ ಮೂಲಕವೇ ಹೆಸರು ಸೂಚಿಸಬೇಕು. ಸಮಿತಿ ಒಪ್ಪಿದರೆ ಅದರ ಬುಲೆಟಿನ್‌ನಲ್ಲಿ ಹೆಸರು ಮತ್ತು ಟಿಪ್ಪಣಿ ಪ್ರಕಟವಾಗುತ್ತದೆ. 2021ರಿಂದ ಈ ಬುಲೆಟಿನ್ ಇದೆ, ಯಾರು ಬೇಕಾದರೂ ಓದಬಹುದು. ಅಲ್ಲಿ ಅಚ್ಚಾದ ದಿನದಿಂದ ಹೆಸರು ಅಧಿಕೃತ. ಬ್ಯಾನರ್ ಕಟ್ಟುವುದು ಆಗ.

ಬ್ಯಾನರ್ ಕಟ್ಟಿದ ಸಂಜೆಯೇ ಯಾರೋ ಒಬ್ಬರು ಬಂದು "ಯಾವ ಕಡೆ ನೋಡಬೇಕು?" ಅಂತ ಕೇಳುತ್ತಾರೆ. ನಿಜ ಹೇಳಿ. ಈಗ ಸಿಗುವ ಕಿರುಗ್ರಹಗಳು ಬರಿಗಣ್ಣಿಗೆ ಕಾಣುವ ಮಿತಿಗಿಂತ ಲಕ್ಷಗಟ್ಟಲೆ ಪಟ್ಟು ಮಂಕು, ಆರು ಇಂಚಿನ ಟೆಲಿಸ್ಕೋಪಿಗೂ ಸಿಗಲ್ಲ. ಮೈನರ್ ಪ್ಲಾನೆಟ್ ಸೆಂಟರಿನ ತಾಣದಲ್ಲಿ ನಂಬರು ಹಾಕಿದರೆ ಆ ರಾತ್ರಿ ಅದು ಆಕಾಶದಲ್ಲಿ ಎಲ್ಲಿದೆ ಅಂತ ಲೆಕ್ಕ ಸಿಗುತ್ತದೆ, ಆ ದಿಕ್ಕು ತೋರಿಸಬಹುದು. ಕಣ್ಣಿಗೇ ಬೇಕು ಅಂದರೆ 4 ವೆಸ್ಟಾ ಇದೆ, 1807ರಲ್ಲಿ ಸಿಕ್ಕಿದ್ದು. ಅದು ಎದುರುಬದಿಗೆ ಬಂದು ಚೆನ್ನಾಗಿ ಹೊಳೆಯುವ ವರ್ಷ, ಅಮಾವಾಸ್ಯೆಯ ಹತ್ತಿರ, ತೋರಣಗಲ್ಲಿನ ಕಾರ್ಖಾನೆ ಬೆಳಕಿನಿಂದ ದೂರ, ಸಂಡೂರು ಗುಡ್ಡದ ಹಿಂಬದಿಗೆ ಹೋಗಿ ನಿಲ್ಲಿ. ಜೊತೆಗೆ ಬೈನಾಕ್ಯುಲರ್ ಇರಲಿ.